ದನಿಯಿಲ್ಲದ ಕಾಗುಣಿತ: ಆಲಿಸ್ ಕೋಬರ್ ಅವರ ಬದುಕು, ಕೆಲಸ

ಊರು, ಊರಿಗೆ, ಊರನು. ಕಾಲು, ಕಾಲಿಗೆ, ಕಾಲನು. ಮಾತು, ಮಾತಿಗೆ, ಮಾತನು.

ಇವತ್ತಿನ ವಿಷಯಕ್ಕೆ ಈ ಒಂಬತ್ತು ಪದಗಳೇ ಪೀಠಿಕೆ. ದ್ವಿತೀಯೆಗೆ ‘ಊರನ್ನು’ ಎನ್ನದೆ ಪದ್ಯಗಳಲ್ಲಿ ಬರುವ ‘ಊರನು’ ರೂಪವನ್ನು ಬೇಕೆಂದೇ ಇಟ್ಟಿದ್ದೇವೆ, ಒತ್ತಕ್ಷರ ಬಂದರೆ ಲೆಕ್ಕ ತೊಡಕಾಗುತ್ತದೆ. ಈಗ ಹೀಗೆ ಊಹಿಸಿಕೊಳ್ಳಿ: ನಿಮಗೆ ಕನ್ನಡ ಭಾಷೆ ಬರುವುದಿಲ್ಲ. ಲಿಪಿಯೂ ಬರುವುದಿಲ್ಲ. ಇನ್ನೂ ಒಂದು ತೊಂದರೆ ಏನೆಂದರೆ, ಈ ಲಿಪಿಯಲ್ಲಿ ರು, ರಿ, ರ ಎಂಬ ಮೂರು ಅಕ್ಷರಗಳಿಗೆ ನೋಟದಲ್ಲಿ ಯಾವ ನಂಟೂ ಇಲ್ಲ. ಕೊಂಬು, ಗುಡಿಸು, ತಲೆಕಟ್ಟು ಯಾವುದೂ ಇಲ್ಲ. ಒಂದು ಏಣಿಯ ಹಾಗಿದೆ, ಒಂದು ಕೊಡಲಿಯ ಹಾಗಿದೆ, ಇನ್ನೊಂದು ಬಾಗಿಲಿನ ಹಾಗಿದೆ. ಮೂರರ ಒಳಗೂ ಒಂದೇ ರಕಾರ ಕೂತಿದೆ ಎಂದು ಪತ್ತೆ ಮಾಡುವುದು ಹೇಗೆ? ಅದೂ ಆ ರಕಾರದ ಉಚ್ಚಾರ ಏನೆಂದು ತಿಳಿಯದೆ?

ಅದಕ್ಕೊಂದು ದಾರಿ ತೋರಿಸಿದವರು ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಪಾಠ ಹೇಳುತ್ತಿದ್ದ ಆಲಿಸ್ ಎಲಿಜಬೆತ್ ಕೋಬರ್. ಲಿಪಿಯ ಹೆಸರು ಲೀನಿಯರ್ ಬಿ, ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಸಿಕ್ಕ ಪ್ರಾಚೀನ ಬರಹ. ಅದನ್ನು ಕೊನೆಗೆ ಓದಿದವರು ಮೈಕೆಲ್ ವೆಂಟ್ರಿಸ್ ಎಂಬ ಇಂಗ್ಲೆಂಡಿನ ವಾಸ್ತುಶಿಲ್ಪಿ, 1952ರಲ್ಲಿ. ಆ ಹೊತ್ತಿಗೆ ಕೋಬರ್ ತೀರಿಹೋಗಿ ಎರಡು ವರ್ಷವಾಗಿತ್ತು. ಈ ಕಥೆಯನ್ನು ಸಾಮಾನ್ಯವಾಗಿ ವೆಂಟ್ರಿಸ್ ಕಡೆಯಿಂದ ಹೇಳುತ್ತಾರೆ. ನಾವು ಪಾಠದ ಕೋಣೆಯ ಕಡೆಯಿಂದ ಹೇಳುತ್ತೇವೆ. ಕೋಬರ್ ಕೈಯಲ್ಲಿದ್ದ ಆಯುಧ ಬೇರೇನೂ ಅಲ್ಲ, ಲ್ಯಾಟಿನ್ ಮೇಡಂ ಒಬ್ಬರು ದಿನಾ ಮಕ್ಕಳಿಂದ ಗಿಣಿಪಾಠ ಮಾಡಿಸುವ ವಿಭಕ್ತಿ ಪ್ರತ್ಯಯಗಳ ಪಟ್ಟಿ.

ಹುಟ್ಟಿದ್ದು 1906ರ ಡಿಸೆಂಬರ್ 23ರಂದು, ನ್ಯೂಯಾರ್ಕಿನಲ್ಲಿ. ತಂದೆತಾಯಿ ಅದೇ ವರ್ಷ ಹಂಗೇರಿಯಿಂದ ಬಂದಿಳಿದವರು. ತಂದೆ ಕುರ್ಚಿ, ಸೋಫಾಗಳಿಗೆ ಮೆತ್ತೆ ಕೂರಿಸುವ ಕೆಲಸಗಾರ. ಮನೆಯಲ್ಲಿ ದುಡ್ಡಿರಲಿಲ್ಲ, ಹುಡುಗಿ ಸ್ಕಾಲರ್‌ಶಿಪ್ ಗೆದ್ದು ಹಂಟರ್ ಕಾಲೇಜಿಗೆ ಸೇರಿದಳು. ಅಲ್ಲಿ ಲ್ಯಾಟಿನ್ ಮುಖ್ಯ ವಿಷಯ. ಪ್ರಾಚೀನ ಗ್ರೀಸಿನ ಬಗ್ಗೆ ಇದ್ದ ಒಂದು ಕೋರ್ಸಿನಲ್ಲಿ ಯಾರೂ ಓದಲಾಗದ ಕ್ರೀಟ್ ದ್ವೀಪದ ಲಿಪಿಯ ಪರಿಚಯವಾಯಿತು. 1928ರಲ್ಲಿ ಪದವಿ, 1929ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಎಂ.ಎ., 1932ರಲ್ಲಿ ಅಲ್ಲಿಂದಲೇ ಪಿಎಚ್‌ಡಿ. 1930ರಲ್ಲಿ ಬ್ರೂಕ್ಲಿನ್ ಕಾಲೇಜು ಶುರುವಾದಾಗಲೇ ಅಲ್ಲಿಗೆ ಅಧ್ಯಾಪಕಿಯಾಗಿ ಸೇರಿದ್ದರು. ಅಂದರೆ ಪಾಠ ಹೇಳುತ್ತಲೇ ಪ್ರಬಂಧ ಬರೆದದ್ದು.

ಪ್ರಬಂಧದ ವಿಷಯ ಕೇಳಿದರೆ ಒಣ ಎನಿಸಬಹುದು: ಹೋಮರನಿಂದ ಕ್ರಿ.ಪೂ. 146ರವರೆಗಿನ ಗ್ರೀಕ್ ಕವಿಗಳಲ್ಲಿ ಬಣ್ಣದ ಪದಗಳು. ಆದರೆ ಮುಂದಿನ ಕೆಲಸಕ್ಕೆ ಇದೇ ತಾಲೀಮು. ಕೆಂಪು ಎನ್ನುವ ಪದ ಎಲ್ಲೆಲ್ಲಿ ಬರುತ್ತದೆ, ಯಾವ ವಸ್ತುವಿನ ಜೊತೆ ಬರುತ್ತದೆ, ಎಷ್ಟು ಸಲ ಬರುತ್ತದೆ ಎಂದು ಒಂದನ್ನೂ ಬಿಡದೆ ಹೆಕ್ಕಿ ಪಟ್ಟಿ ಮಾಡಬೇಕು. ಅರ್ಥ ಹೇಳುವ ಅವಸರ ಆಮೇಲಿನದು. ಈ ಶಿಸ್ತು ಕೈಗೆ ಹತ್ತಿದವರು ಕಡಿಮೆ. ಹತ್ತಿದರೆ ಬಿಡುವುದಿಲ್ಲ.

1935ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿಯ ಜೊತೆ ಬ್ರೂಕ್ಲಿನ್‌ನ ಫ್ಲಾಟ್‌ಬುಷ್ ಭಾಗದಲ್ಲಿ ವಾಸ. ಮದುವೆಯಾಗಲಿಲ್ಲ. ಹಗಲು ಕಾಲೇಜು, ರಾತ್ರಿ ಊಟದ ಮೇಜಿನ ಮೇಲೆ ಲೀನಿಯರ್ ಬಿ. ಕಾಲೇಜಿನಲ್ಲಿ ಆರಂಭದ ಲ್ಯಾಟಿನ್, ಗ್ರೀಕ್, ಅನುವಾದದಲ್ಲಿ ಓದಿಸುವ ಪ್ರಾಚೀನ ಸಾಹಿತ್ಯ. ಸಂಶೋಧನೆಗೆಂದು ಪಾಠದ ಹೊರೆ ಇಳಿಸುವ ಪದ್ಧತಿ ಅಂಥ ಕಾಲೇಜುಗಳಲ್ಲಿ ಇರಲಿಲ್ಲ. ಅದರ ಮೇಲೆ ತಾವಾಗಿಯೇ ಹೊತ್ತ ಇನ್ನೊಂದು ಕೆಲಸ: ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಗಳನ್ನೂ ಪರೀಕ್ಷೆಯ ಪ್ರಶ್ನೆಗಳನ್ನೂ ಬ್ರೈಲ್ ಲಿಪಿಗೆ ಇಳಿಸಿಕೊಡುವುದು. ಲಿಪಿ ಎಂದರೆ ಆಕಾರವಲ್ಲ, ವ್ಯವಸ್ಥೆ ಎಂಬುದು ಬೆರಳ ತುದಿಗೇ ಗೊತ್ತಿದ್ದವರು ಎನ್ನಬಹುದು.

ಇನ್ನು ಲಿಪಿಯ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ಪುರಾತತ್ವಜ್ಞ ಆರ್ಥರ್ ಇವಾನ್ಸ್ 1900ರ ಮಾರ್ಚಿನಲ್ಲಿ ಕ್ರೀಟಿನ ಕ್ನೊಸ್ಸೊಸ್‌ನಲ್ಲಿ ಅಗೆತ ಶುರು ಮಾಡಿದರು. ಒಂದೆರಡು ವಾರದೊಳಗೇ ಜೇಡಿಮಣ್ಣಿನ ಫಲಕಗಳು ಸಿಕ್ಕವು. ಇವು ಸುಟ್ಟು ಗಟ್ಟಿ ಮಾಡಿದ ಫಲಕಗಳಲ್ಲ, ಹಸಿ ಮಣ್ಣಿನ ಮೇಲೆ ಕಡ್ಡಿಯಿಂದ ಗೀರಿ ಒಣಗಿಸಿದ ಲೆಕ್ಕದ ಚೀಟಿಗಳು. ಅರಮನೆಗೆ ಬೆಂಕಿ ಬಿದ್ದಾಗ ಬೆಂದು ಉಳಿದುಕೊಂಡವು. ನೀರು ಬಿದ್ದಿದ್ದರೆ ಮತ್ತೆ ಮಣ್ಣು. ಕಾಲ ಸುಮಾರು ಕ್ರಿ.ಪೂ. 1400ರಿಂದ 1200ರ ನಡುವೆ.

ಕೆಲವು ಸಂಗತಿಗಳು ಮೊದಲ ನೋಟಕ್ಕೇ ತಿಳಿದವು. ಬರವಣಿಗೆ ಎಡದಿಂದ ಬಲಕ್ಕೆ. ಪದ ಮುಗಿದಲ್ಲಿ ಒಂದು ಸಣ್ಣ ನೇರ ಗೀಟು. ಸಂಖ್ಯೆಗಳು ದಶಮಾನ: ನಿಂತ ಗೀಟು ಒಂದು, ಮಲಗಿದ ಗೀಟು ಹತ್ತು, ವೃತ್ತ ನೂರು, ವೃತ್ತದ ಸುತ್ತ ನಾಲ್ಕು ಗೆರೆ ಬಂದರೆ ಸಾವಿರ. ಸಂಖ್ಯೆಯ ಹಿಂದೆ ವಸ್ತುವಿನ ಚಿತ್ರ: ರಥ, ಚಕ್ರ, ಕುದುರೆ, ಗಂಡಸು, ಹೆಂಗಸು. ಉಳಿದವು ಸುಮಾರು 90 ಅಕ್ಷರಗಳು. ಅಕ್ಷರಮಾಲೆಗೆ ಇದು ಹೆಚ್ಚು, ಒಂದೊಂದು ಪದಕ್ಕೂ ಒಂದೊಂದು ಚಿತ್ರ ಇರುವ ಲಿಪಿಗೆ ತೀರ ಕಡಿಮೆ. ಹಾಗಾಗಿ ಪ್ರತಿ ಚಿಹ್ನೆಯೂ ಕ, ಕಿ, ಕೊ ಎಂಬಂತೆ ವ್ಯಂಜನ ಮತ್ತು ಸ್ವರ ಕೂಡಿದ ಗುಣಿತಾಕ್ಷರ ಇರಬೇಕು ಎಂಬ ಅಂದಾಜು ಎಲ್ಲರಿಗೂ ಇತ್ತು.

ಅಂದಾಜು ಅಲ್ಲಿಗೇ ನಿಂತದ್ದಕ್ಕೆ ಮುಖ್ಯ ಕಾರಣ ಇವಾನ್ಸ್ ಅವರೇ. ಕ್ನೊಸ್ಸೊಸ್‌ನಲ್ಲಿ ಸಿಕ್ಕ ಫಲಕಗಳು ಎರಡು ಸಾವಿರದ ಹತ್ತಿರ ಹತ್ತಿರ, ಅವರು ತೀರಿಕೊಂಡ 1941ರ ತನಕ ಪ್ರಕಟಿಸಿದ್ದು ಅದರಲ್ಲಿ ಒಂದು ಚೂರು. ಕೋಬರ್ ಕೈಗೆ ಮೊದಲ ಹತ್ತು ಹದಿನೈದು ವರ್ಷ ಸಿಕ್ಕಿದ್ದು 200ಕ್ಕಿಂತ ಕಡಿಮೆ ಪಾಠಗಳು, ಅಂದರೆ ಫಲಕಗಳ ಮೇಲಿನ ಬರಹಗಳು. 1939ರಲ್ಲಿ ಅಮೆರಿಕದ ಪುರಾತತ್ವಜ್ಞ ಕಾರ್ಲ್ ಬ್ಲೆಗೆನ್ ಗ್ರೀಸಿನ ಪೈಲೊಸ್‌ನಲ್ಲಿ ಇನ್ನೂ 600ರಷ್ಟು ಫಲಕ ಅಗೆದು ತೆಗೆದರು, ಅಷ್ಟರಲ್ಲಿ ಯುದ್ಧ ಬಂತು, ಅವೂ ಪೆಟ್ಟಿಗೆ ಸೇರಿದವು.

ಪಾಠ ಕಡಿಮೆ ಇದ್ದರೂ ಓದಿಬಿಟ್ಟೆ ಎನ್ನುವವರಿಗೇನೂ ಕಡಿಮೆ ಇರಲಿಲ್ಲ. ಹಿಟ್ಟೈಟ್ ಎಂಬ ಪ್ರಾಚೀನ ಭಾಷೆಯನ್ನು ಬಿಡಿಸಿದ್ದ ದೊಡ್ಡ ವಿದ್ವಾಂಸ ಬೆಡ್ರಿಚ್ ಹ್ರೋಜ್ನಿ ಕೂಡ ಇಳಿವಯಸ್ಸಿನಲ್ಲಿ ಈ ಗುಂಡಿಗೆ ಬಿದ್ದರು. ದಾರಿ ಹೆಚ್ಚುಕಡಿಮೆ ಒಂದೇ: ಭಾಷೆ ಇಂಥದೇ ಎಂದು ಮೊದಲೇ ತೀರ್ಮಾನಿಸುವುದು, ನೋಟದಲ್ಲಿ ಹೋಲುವ ಬೇರೆ ಲಿಪಿಯ ಅಕ್ಷರದ ಉಚ್ಚಾರವನ್ನು ತಂದು ಅಂಟಿಸುವುದು, ಬಂದ ಸದ್ದಿಗೆ ನಿಘಂಟಿನಲ್ಲಿ ಅರ್ಥ ಹುಡುಕುವುದು. ನಿಘಂಟು ದಪ್ಪವಿದ್ದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಇದರಲ್ಲಿ ಒಂದು ತಮಾಷೆಯೂ ಇದೆ. ಕುದುರೆಮರಿಗಳ ಚಿತ್ರವಿದ್ದ ಫಲಕವೊಂದರ ಎರಡು ಅಕ್ಷರಗಳನ್ನು, ಆಗಲೇ ಓದಲಾಗಿದ್ದ ಸೈಪ್ರಸ್ ದ್ವೀಪದ ಹಳೆಯ ಲಿಪಿಯ ಪ್ರಕಾರ ಓದಿದರೆ ‘ಪೊ-ಲೊ’ ಎಂದಾಗುತ್ತದೆ, ಗ್ರೀಕಿನಲ್ಲಿ ಪೋಲೊಸ್ ಎಂದರೆ ಕುದುರೆಮರಿಯೇ. ಇವಾನ್ಸ್ ಇದನ್ನು ಗಮನಿಸಿ, ಆಕಸ್ಮಿಕ ಎಂದು ಬದಿಗಿಟ್ಟರು. ಕ್ರೀಟಿನವರು ಗ್ರೀಕ್ ಮಾತಾಡುತ್ತಿರಲಿಲ್ಲ ಎಂಬುದು ಅವರ ಮಟ್ಟಿಗೆ ಇತ್ಯರ್ಥವಾಗಿದ್ದ ವಿಷಯ. ಸರಿಯಾದ ಉತ್ತರ ಕಣ್ಣೆದುರೇ ಇತ್ತು. ಆದರೂ ಇವಾನ್ಸ್ ಕೈಬಿಟ್ಟದ್ದನ್ನು ಪೂರ್ತಿ ತಪ್ಪೆನ್ನಲು ಬರುವುದಿಲ್ಲ. ಒಂದೇ ಪದ ಹೊಂದಿತು ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ.

ಕೋಬರ್ ಇಟ್ಟುಕೊಂಡ ನಿಯಮ ಇದಕ್ಕೆ ತದ್ವಿರುದ್ಧ: ಯಾವ ಅಕ್ಷರಕ್ಕೂ ಯಾವ ದನಿಯನ್ನೂ ಕೊಡುವುದಿಲ್ಲ, ಭಾಷೆ ಯಾವುದೆಂದು ಹೇಳುವುದಿಲ್ಲ. ಮೊದಲು ಅಕ್ಷರಗಳು ತಮ್ಮತಮ್ಮೊಳಗೆ ಹೇಗೆ ನಡೆದುಕೊಳ್ಳುತ್ತವೆ ನೋಡೋಣ. ಇದಕ್ಕಾಗಿ ಮಾಡಿದ ತಯಾರಿ ನೋಡಿದರೆ ತಲೆ ತಿರುಗುತ್ತದೆ. ಹಿಟ್ಟೈಟ್, ಅಕ್ಕಾಡಿಯನ್, ಸುಮೇರಿಯನ್, ಹಳೆಯ ಪರ್ಷಿಯನ್, ಹಳೆಯ ಐರಿಷ್, ತೊಖಾರಿಯನ್ ಎಲ್ಲ ಕಲಿತರು. ಯುದ್ಧದ ವರ್ಷಗಳಲ್ಲಿ ರೈಲು ಹಿಡಿದು ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಸಂಸ್ಕೃತ ಓದಿದರು. ಅಗೆತದ ಕೆಲಸ ತಿಳಿಯಲು ನ್ಯೂ ಮೆಕ್ಸಿಕೊಗೂ ಗ್ರೀಸಿಗೂ ಹೋಗಿಬಂದರು. ಸಂಖ್ಯಾಶಾಸ್ತ್ರವನ್ನೂ ಬಿಡಲಿಲ್ಲ. ಲೀನಿಯರ್ ಬಿಯ ಹಿಂದೆ ಸಂಸ್ಕೃತವೋ ಅಕ್ಕಾಡಿಯನ್ನೋ ಅಡಗಿದೆ ಎಂಬ ಆಸೆ ಇದಕ್ಕೆ ಕಾರಣವಲ್ಲ. ಪದದ ಬಾಲ ಬದಲಾಗುವ ರೀತಿ ಭಾಷೆಯಿಂದ ಭಾಷೆಗೆ ಎಷ್ಟು ಬಗೆ, ಒಂದು ಭಾಷೆಗೆ ಹೊಂದದ ಲಿಪಿಯನ್ನು ಅದಕ್ಕೆ ತೊಡಿಸಿದರೆ ಎಲ್ಲೆಲ್ಲಿ ಸಡಿಲ, ಎಲ್ಲೆಲ್ಲಿ ಬಿಗಿ ಎಂದು ತಿಳಿಯಬೇಕಿತ್ತು.

ಕೆಲಸದ ವಿಧಾನವನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲು ನೋಟ್‌ಬುಕ್ಕುಗಳು, ಒಟ್ಟು 40. ಯುದ್ಧ ಬಂದು ಕಾಗದಕ್ಕೆ ಬರ ಬಂದ ಮೇಲೆ ಕಾರ್ಡುಗಳು. ಅಂಗಡಿಯ ಕಾರ್ಡಲ್ಲ, ಕೈಗೆ ಸಿಕ್ಕ ರದ್ದಿಯನ್ನು ಕತ್ತರಿಯಿಂದ 2 ಇಂಚು ಅಗಲ, 3 ಇಂಚು ಉದ್ದಕ್ಕೆ ಕತ್ತರಿಸಿದ ಚೀಟಿಗಳು: ಹಳೆಯ ಶುಭಾಶಯ ಪತ್ರ, ಚರ್ಚಿನ ಸುತ್ತೋಲೆ, ಪರೀಕ್ಷೆಯ ಉತ್ತರಪತ್ರಿಕೆಯ ರಟ್ಟು, ಲೈಬ್ರರಿ ಚೀಟಿಯ ಹಿಂಬದಿ. ಇಡಲು ಡಬ್ಬಿ? ಕೋಬರ್ ವಿಪರೀತ ಸಿಗರೇಟು ಸೇದುವವರು, ಫ್ಲೀಟ್‌ವುಡ್ ಬ್ರಾಂಡಿನ ಸಿಗರೇಟು ಬರುತ್ತಿದ್ದ ಉದ್ದನೆ ರಟ್ಟಿನ ಪೆಟ್ಟಿಗೆಗೆ ಈ ಚೀಟಿಗಳು ಸರಿಯಾಗಿ ಕೂರುತ್ತಿದ್ದವು. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 1,80,000 ಚೀಟಿ.

ಚೀಟಿಯಲ್ಲಿ ಏನಿರುತ್ತಿತ್ತು? ಒಂದು ಅಕ್ಷರ ಎಷ್ಟು ಸಲ ಬಂತು, ಪದದ ಮೊದಲಲ್ಲಿ ಎಷ್ಟು, ನಡುವೆ ಎಷ್ಟು, ಕೊನೆಯಲ್ಲಿ ಎಷ್ಟು, ಅದರ ಎಡಕ್ಕೆ ಯಾರು, ಬಲಕ್ಕೆ ಯಾರು. ಚೀಟಿಗಳಲ್ಲಿ ಗೊತ್ತಾದ ಜಾಗಗಳಲ್ಲಿ ತೂತು ಕೊರೆದಿರುತ್ತಿದ್ದರು. ಹಲವನ್ನು ಒಂದರ ಮೇಲೊಂದು ಜೋಡಿಸಿ ನೋಡಿದರೆ ಯಾವ ಪದಗಳಲ್ಲಿ ಯಾವ ಅಕ್ಷರ ಸಮಾನ ಎಂಬುದು ತೂತುಗಳು ಒಂದಾದಲ್ಲಿ ಕಾಣುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದು ಕೇಳುವ ಪ್ರಶ್ನೆಯನ್ನು ಆಗ ಕತ್ತರಿ, ತೂತು, ಬೆಳಕು ಇಟ್ಟುಕೊಂಡು ಕೇಳಿದ್ದು.

ಇಂಥ ಎಣಿಕೆಯಿಂದ ಏನು ಸಿಗುತ್ತದೆ ಎಂಬುದಕ್ಕೆ ಕನ್ನಡದ್ದೇ ಉದಾಹರಣೆ ಸಾಕು. ಅ, ಆ, ಇ, ಉ ಇವು ಕನ್ನಡ ಬರಹದಲ್ಲಿ ಎಲ್ಲಿ ಬರುತ್ತವೆ? ಹೆಚ್ಚುಕಡಿಮೆ ಪದದ ಮೊದಲಲ್ಲೇ. ಒಳಗೆ ಬಂದಾಗ ಸ್ವರ ಗುಣಿತವಾಗಿ ವ್ಯಂಜನದೊಳಗೆ ಸೇರಿಕೊಂಡುಬಿಡುತ್ತದೆ. ಹಾಗಾದರೆ ಗೊತ್ತಿಲ್ಲದ ಗುಣಿತಾಕ್ಷರ ಲಿಪಿಯಲ್ಲಿ ಒಂದು ಚಿಹ್ನೆ ಪದದ ಮೊದಲಲ್ಲಿ ಪದೇಪದೇ ಬಂದು, ನಡುವೆ ಅಪರೂಪವಾದರೆ, ಅದು ಬಿಡಿ ಸ್ವರ ಎಂದು ಶಂಕಿಸಬಹುದು. ಲೀನಿಯರ್ ಬಿಯಲ್ಲಿ ಈಗ 08 ಎಂಬ ಸಂಖ್ಯೆ ಕೊಟ್ಟಿರುವ ಅಕ್ಷರ ಹೀಗೇ ನಡೆದುಕೊಳ್ಳುತ್ತದೆ. ಅದು ‘ಅ’ ಎಂದು ಆಮೇಲೆ ಖಚಿತವಾಯಿತು.

ಎಡವುವ ಜಾಗಗಳೂ ಇವೆ. ಮೊದಲನೆಯದು ಅಕ್ಷರಗಳ ಪಟ್ಟಿಯೇ. ಒಬ್ಬ ಲಿಪಿಕಾರ ಅವಸರದಲ್ಲಿ ಗೀರಿದ್ದೂ ಇನ್ನೊಬ್ಬ ಅಚ್ಚುಕಟ್ಟಾಗಿ ಬರೆದದ್ದೂ ಒಂದೇ ಅಕ್ಷರವೋ, ಎರಡೋ? ಎರಡನ್ನು ಒಂದೆಂದರೆ ಎರಡರ ನಡತೆ ಕಲಸಿಹೋಗುತ್ತದೆ, ಒಂದನ್ನು ಎರಡೆಂದರೆ ಎಣಿಕೆ ಒಡೆದುಹೋಗುತ್ತದೆ. ಹೇಗೆ ತಪ್ಪಿದರೂ ಸಾವಿರಾರು ಚೀಟಿ ಮತ್ತೆ ಬರೆಯಬೇಕು. ಕೋಬರ್ ಕಾಲದಲ್ಲಿ ಎಲ್ಲರೂ ಒಪ್ಪುವ ಪಟ್ಟಿಯೇ ಇರಲಿಲ್ಲ. ಪೈಲೊಸ್ ಫಲಕಗಳನ್ನು ಇಟ್ಟುಕೊಂಡು ಅದನ್ನು ನೆಟ್ಟಗೆ ಮಾಡಿದವರು ಅಮೆರಿಕದ ವಿದ್ವಾಂಸ ಎಮೆಟ್ ಬೆನೆಟ್, ಅವರ ಪುಸ್ತಕ ಬಂದದ್ದು 1951ರಲ್ಲಿ. ಅದಕ್ಕೆ ಮೊದಲು ಇಬ್ಬರ ನಡುವೆ ಯಾವ ಅಕ್ಷರ ಯಾವುದರ ರೂಪಾಂತರ ಎಂದು ಪತ್ರಗಳು ಓಡಾಡಿದ್ದವು.

ಎರಡನೆಯ ಗುಂಡಿ ಹುಸಿ ಹೋಲಿಕೆ. ‘ಊರು–ಊರಿಗೆ’ ನೋಡಿದ ಕಣ್ಣಿಗೆ ‘ಕಾಡು–ಕಾಡಿಗೆ’ಯೂ ಅದೇ ಜಾತಿ. ಆದರೆ ಬಳೆ, ಬೈತಲೆಬೊಟ್ಟು, ಕುಂಕುಮದ ಪಟ್ಟಿಯಲ್ಲಿ ಬಂದ ಕಾಡಿಗೆಗೂ ಕಾಡಿಗೂ ಏನು ಸಂಬಂಧ? ಬಾಲ ಮಾತ್ರ ನೋಡಿದವರು ಇಲ್ಲಿ ಕೆಡುತ್ತಾರೆ. ಅದಕ್ಕೇ ಕೋಬರ್ 1945ರ ಮೊದಲ ಮುಖ್ಯ ಲೇಖನಕ್ಕೆ ಆರಿಸಿಕೊಂಡದ್ದು ಕ್ನೊಸ್ಸೊಸ್‌ನ ರಥದ ಫಲಕಗಳನ್ನು ಮಾತ್ರ. ಎಲ್ಲದರಲ್ಲೂ ರಥದ ಚಿತ್ರ, ಎಲ್ಲದರ ಒಕ್ಕಣೆಯೂ ಒಂದೇ ಬಗೆ. ಸಂದರ್ಭ ಒಂದೇ ಆಗಿದ್ದಾಗ ಬುಡ ಒಂದೇ ಇದ್ದು ಬಾಲ ಬದಲಾದರೆ, ಅದೂ ಬೇರೆಬೇರೆ ಪದಗಳಲ್ಲಿ ಅದೇ ರೀತಿ ಬದಲಾದರೆ, ಆಗ ಮಾತ್ರ ಅದನ್ನು ಪ್ರತ್ಯಯ ಎನ್ನಬಹುದು. ಲೀನಿಯರ್ ಬಿಯ ಭಾಷೆಯಲ್ಲಿ ಪದಗಳ ಬಾಲ ವ್ಯಾಕರಣಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಆ ಲೇಖನ ತೋರಿಸಿತು.

ಮುಂದಿನ ವರ್ಷ, 1946ರಲ್ಲಿ, ಬಂದ ಲೇಖನ ಈ ಬದುಕಿನ ನಡುಗಂಬ. ಅದರಲ್ಲಿದ್ದದ್ದು ಮೂರುಮೂರು ರೂಪಗಳಲ್ಲಿ ಬರುವ ಪದಗಳು. ವೆಂಟ್ರಿಸ್ ಇವಕ್ಕೆ ‘ಕೋಬರ್ ತ್ರಿವಳಿ’ ಎಂಬರ್ಥದ ಹೆಸರಿಟ್ಟರು. ಕೋಬರ್ ಚಿಹ್ನೆಗಳನ್ನೇ ಬರೆಯುತ್ತಿದ್ದರು, ನಾವಿಲ್ಲಿ ಈಗ ಬಳಕೆಯಲ್ಲಿರುವ ಸಂಖ್ಯೆಗಳಲ್ಲಿ ಬರೆಯೋಣ:

26-67-37-57, 26-67-37-36, 26-67-05
03-28-37-57, 03-28-37-36, 03-28-05
70-52-41-57, 70-52-41-36, 70-52-12
69-53-41-57, 69-53-41-36, 69-53-12

ದನಿ ಮರೆತು ನಡತೆ ಮಾತ್ರ ನೋಡಿ. ಮೊದಲ ಎರಡು ಸಾಲಿನಲ್ಲಿ 37 ಇದ್ದದ್ದು ಮೂರನೇ ರೂಪದಲ್ಲಿ 05 ಆಗುತ್ತದೆ. ಕೊನೆಯ ಎರಡು ಸಾಲಿನಲ್ಲಿ 41 ಇದ್ದದ್ದು 12 ಆಗುತ್ತದೆ. ಬುಡ ಬದಲಾಗಿಲ್ಲ, ಬಾಲದ ಮಾದರಿಯೂ ಎಲ್ಲ ಕಡೆ ಒಂದೇ. ಹಾಗಿದ್ದರೆ ನಡುವಿನ ಈ ಅಕ್ಷರ ಯಾಕೆ ಬಣ್ಣ ಬದಲಾಯಿಸುತ್ತದೆ?

ಮೊದಲಿನ ಒಂಬತ್ತು ಪದಗಳಿಗೆ ವಾಪಸ್ಸು ಬನ್ನಿ. ಪ್ರಕೃತಿ ‘ಊರ್’, ಪ್ರತ್ಯಯ ‘ಇಗೆ’. ಸೇರಿದರೆ ಊರಿಗೆ. ನಡುವಿನ ‘ರಿ’ ಯಾರ ಸ್ವತ್ತು? ವ್ಯಂಜನ ಪ್ರಕೃತಿಯದು, ಸ್ವರ ಪ್ರತ್ಯಯದ್ದು. ಎರಡು ಮನೆಯ ನಡುವಿನ ಗೋಡೆ ಇದ್ದ ಹಾಗೆ. ಆದ್ದರಿಂದ ಊರು, ಊರಿಗೆ, ಊರನು ಈ ಮೂರರಲ್ಲಿ ಗೋಡೆಯ ಜಾಗದಲ್ಲಿರುವ ರು, ರಿ, ರ ಮೂರಕ್ಕೂ ವ್ಯಂಜನ ಒಂದೇ ಇರಬೇಕು. ಅಡ್ಡಡ್ಡ ನೋಡಿದರೆ ಹೀಗೆ. ಉದ್ದುದ್ದ ನೋಡಿದರೆ, ಊರಿಗೆ, ಕಾಲಿಗೆ, ಮಾತಿಗೆ ಇವುಗಳಲ್ಲಿ ಪ್ರತ್ಯಯ ಒಂದೇ, ಹಾಗಾಗಿ ರಿ, ಲಿ, ತಿ ಮೂರರಲ್ಲೂ ಸ್ವರ ಒಂದೇ. ಈಗ ಕೋಷ್ಟಕ ತಾನಾಗಿ ಏಳುತ್ತದೆ:

ರು – ರಿ – ರ
ಲು – ಲಿ – ಲ
ತು – ತಿ – ತ

ಇದು ಕಾಗುಣಿತವಲ್ಲದೆ ಮತ್ತೇನು? ನಾವು ಸ್ಲೇಟಿನ ಮೇಲೆ ತಿದ್ದಿದ ಪಟ್ಟಿ. ವ್ಯತ್ಯಾಸ ಇಷ್ಟೇ: ನಮಗೆ ಮೇಷ್ಟ್ರು ಹೇಳಿಕೊಟ್ಟದ್ದು ದನಿಯ ಸಮೇತ, ಕೋಬರ್ ಕಟ್ಟಿದ್ದು ದನಿಯೇ ಇಲ್ಲದ ಕಾಗುಣಿತ. 37 ಮತ್ತು 05ಕ್ಕೆ ವ್ಯಂಜನ ಒಂದೇ, ಅದು ಯಾವುದೋ ಗೊತ್ತಿಲ್ಲ. 41 ಮತ್ತು 12ಕ್ಕೆ ಇನ್ನೊಂದು ವ್ಯಂಜನ. 37 ಮತ್ತು 41ಕ್ಕೆ ಸ್ವರ ಒಂದೇ. 05 ಮತ್ತು 12ಕ್ಕೆ ಇನ್ನೊಂದು ಸ್ವರ. 1948ರ ಲೇಖನದಲ್ಲಿ ಅವರು ಪ್ರಕಟಿಸಿದ ಕೋಷ್ಟಕದಲ್ಲಿ ಇದ್ದದ್ದು ಹತ್ತೇ ಅಕ್ಷರ: ಐದು ವ್ಯಂಜನದ ಸಾಲು, ಎರಡು ಸ್ವರದ ಕಂಬ. ಇಪ್ಪತ್ತು ವರ್ಷದ ದುಡಿಮೆಗೆ ಹತ್ತು ಅಕ್ಷರವೇ ಎನ್ನಬೇಡಿ. ಇವು ಊಹೆಯ ಹತ್ತಲ್ಲ. ಒಂದು ಅಕ್ಷರದ ದನಿ ತಿಳಿದರೆ ಸಾಲಿಗೆ ಸಾಲೇ ತೆರೆದುಕೊಳ್ಳುತ್ತದೆ.

ಇಲ್ಲೊಂದು ವಿಷಯ ಮುಚ್ಚಿಡಬಾರದು. ಆ ತ್ರಿವಳಿಗಳನ್ನು ಕೋಬರ್ ವಿಭಕ್ತಿ ರೂಪಗಳೆಂದೇ ತಿಳಿದಿದ್ದರು. ಅದು ಸರಿಯಲ್ಲ. ಅವು ಊರ ಹೆಸರುಗಳು ಮತ್ತು ಆ ಊರಿನವ, ಆ ಊರಿನವಳು ಎಂಬರ್ಥದ ರೂಪಗಳು. ಮೈಸೂರು, ಮೈಸೂರಿನವ, ಮೈಸೂರಿನವಳು ಇದ್ದ ಹಾಗೆ. ವ್ಯಾಕರಣದ ಹಣೆಪಟ್ಟಿ ತಪ್ಪಾದರೂ ಗೋಡೆಯ ಅಕ್ಷರದ ತರ್ಕ ಕೆಡಲಿಲ್ಲ, ಏಕೆಂದರೆ ಪ್ರಕೃತಿಗೆ ಹತ್ತಿಕೊಂಡದ್ದು ವಿಭಕ್ತಿಯಾಗಲಿ ತದ್ಧಿತವಾಗಲಿ ವ್ಯಂಜನ ಹಂಚಿಕೊಳ್ಳುವ ರೀತಿ ಒಂದೇ. ದನಿಗೆ ಕೈಹಾಕದೆ ಇದ್ದುದರ ಲಾಭ ಇಲ್ಲಿ ಕಾಣುತ್ತದೆ.

ಇನ್ನೊಂದು ಲೇಖನ 1949ರದು, ‘ಒಟ್ಟು’ ಎಂಬ ಪದದ ಮೇಲೆ. ಪಟ್ಟಿಯ ಕೊನೆಯಲ್ಲಿ ಮೊತ್ತದ ಹಿಂದೆ ಬರುವ ಪದಕ್ಕೆ ಎರಡು ರೂಪ. ಒಂದು ಗಂಡಸರ ಮತ್ತು ಒಂದು ಬಗೆಯ ಪ್ರಾಣಿಗಳ ಪಟ್ಟಿಯಲ್ಲಿ, ಇನ್ನೊಂದು ಹೆಂಗಸರ ಮತ್ತು ಇನ್ನೊಂದು ಬಗೆಯ ಪ್ರಾಣಿಗಳ ಪಟ್ಟಿಯಲ್ಲಿ. ಲಿಂಗಕ್ಕೆ ತಕ್ಕಂತೆ ಕೊನೆಯಕ್ಷರ ಬದಲು, ಅಂದರೆ ಅಲ್ಲೂ ವ್ಯಂಜನ ಒಂದೇ, ಸ್ವರ ಬೇರೆ. ಕೋಷ್ಟಕಕ್ಕೆ ಮತ್ತೊಂದು ಕೊಂಡಿ. ಈಗ ಅವನ್ನು ‘ತೊ-ಸೊ’, ‘ತೊ-ಸ’ ಎಂದು ಓದುತ್ತಾರೆ.

ವೃತ್ತಿಯ ಕಡೆ ನೋಡಿದರೆ ಕೋಬರ್‌ಗೆ ಪೂರ್ತಿ ಬಿಡುವಾಗಿ ಸಿಕ್ಕಿದ್ದು ಒಂದೇ ವರ್ಷ. 1946ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್, 2,500 ಡಾಲರ್. ಆ ಫೆಲೋಶಿಪ್ ಅವಧಿಯಲ್ಲೇ, 1947ರಲ್ಲಿ, ಆಕ್ಸ್‌ಫರ್ಡಿಗೆ ಹೋಗಿ ಐದು ವಾರ ಇದ್ದರು. ಇವಾನ್ಸ್ ಬಿಟ್ಟುಹೋದ ನಕಲುಗಳು ಆಗ ಮುದುಕರಾಗಿದ್ದ ಸರ್ ಜಾನ್ ಮೈರ್ಸ್ ಕೈಯಲ್ಲಿದ್ದವು. ಅಷ್ಟೂ ಸಾಮಗ್ರಿಯನ್ನು ಕೈಯಲ್ಲೇ ಬರೆದುಕೊಳ್ಳಬೇಕಿತ್ತು. 200 ಪಾಠವಿದ್ದದ್ದು ಒಮ್ಮೆಲೇ ಹತ್ತು ಪಟ್ಟು ಹತ್ತಿರವಾಯಿತು. ಎಲ್ಲಕ್ಕೂ ಹೊಸದಾಗಿ ಚೀಟಿ. ಫೆಲೋಶಿಪ್ ಮುಂದುವರಿಸಲು ಕೇಳಿದ್ದು ಸಿಗಲಿಲ್ಲ, ಮತ್ತೆ ಪಾಠದ ಕೋಣೆ.

ಸಾಮಗ್ರಿ ಸಿಕ್ಕಿದ್ದಕ್ಕೆ ತೆತ್ತ ಬೆಲೆಯೂ ದೊಡ್ಡದೇ. ಇವಾನ್ಸ್ ಉಳಿಸಿಹೋದ ಕ್ನೊಸ್ಸೊಸ್ ಸಂಪುಟವನ್ನು ಮೈರ್ಸ್ ಅಚ್ಚಿಗೆ ತಯಾರಿಸುತ್ತಿದ್ದರು. ಅದರ ತಪ್ಪು ತಿದ್ದುವುದು, ಟೈಪ್ ಮಾಡುವುದು, ಒಂದಕ್ಕೊಂದು ತಾಳೆ ನೋಡುವುದು ಕೋಬರ್ ಹೆಗಲಿಗೆ ಬಂತು. ತಪ್ಪಿದ್ದ ಪುಸ್ತಕ ಹೊರಬಂದರೆ ಮುಂದಿನವರೆಲ್ಲ ತಪ್ಪು ಎಣಿಸುತ್ತಾರೆ ಎಂಬುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಬಿಡಲಾಗಲಿಲ್ಲ. ಆದರೂ ಇದು ಆಗಬಾರದಿತ್ತು ಎಂದೇ ನಮ್ಮ ಅಭಿಪ್ರಾಯ. ಕೋಷ್ಟಕ ಬೆಳೆಸಬಲ್ಲವರಿಂದ ಪ್ರೂಫ್ ನೋಡಿಸಿದ ಹಾಗಾಯಿತು. ಆ ಸಂಪುಟ ಬಂದದ್ದು 1952ರಲ್ಲಿ.

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಕೋಬರ್ ಅವರನ್ನು ಕರೆತರಬೇಕೆಂದು ಓಡಾಡಿದವರು ಜಾನ್ ಫ್ರಾಂಕ್ಲಿನ್ ಡೇನಿಯಲ್, ಕೋಬರ್ ಲೇಖನಗಳು ಬರುತ್ತಿದ್ದ ಪುರಾತತ್ವ ಪತ್ರಿಕೆಯ ಸಂಪಾದಕರು. ಹುದ್ದೆ ಕೈಗೂಡಲಿಲ್ಲ. ಡೇನಿಯಲ್ 1948ರ ಡಿಸೆಂಬರಿನಲ್ಲಿ 38ನೇ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡರು. 1949ರ ಬೇಸಿಗೆಯಿಂದ ಕೋಬರ್ ಆರೋಗ್ಯವೂ ಕೆಟ್ಟಿತು. ಅದೇ ಹೊತ್ತಿಗೆ ವೆಂಟ್ರಿಸ್ 21 ಪ್ರಶ್ನೆಗಳ ಪಟ್ಟಿಯೊಂದನ್ನು ಈ ಲಿಪಿಯ ಮೇಲೆ ಕೆಲಸ ಮಾಡುವ ಹನ್ನೆರಡು ಜನರಿಗೆ ಕಳಿಸಿದರು: ಭಾಷೆ ಯಾವುದಿರಬಹುದು, ಯಾವ ಕುಟುಂಬದ್ದು, ಹೀಗೆ. ಹತ್ತು ಜನ ಉತ್ತರಿಸಿದರು. ಕೋಬರ್ ಉತ್ತರಿಸಲಿಲ್ಲ, ಇದು ತಪ್ಪು ದಿಕ್ಕಿನ ಹೆಜ್ಜೆ, ಬರೀ ಕಾಲಹರಣ ಎಂದು ಕಡ್ಡಿ ಮುರಿದಂತೆ ಬರೆದರು. ಒರಟು ಎನಿಸಬಹುದು. ಆದರೆ ಗೊತ್ತಿಲ್ಲದ ಹತ್ತು ಜನರ ಅಭಿಪ್ರಾಯ ಒಟ್ಟು ಮಾಡಿದರೆ ಜ್ಞಾನವಾಗುವುದಿಲ್ಲ ಎಂಬುದು ಅವರ ಕೆಲಸದ ಬುನಾದಿಯೇ ಆಗಿತ್ತು. 1950ರ ಜನವರಿಯಲ್ಲಿ ಕಾಲೇಜು ಅವರಿಗೆ ಅಸೋಸಿಯೇಟ್ ಪ್ರೊಫೆಸರ್ ಬಡ್ತಿ ಕೊಟ್ಟಿತು. ಮೇ 16ರಂದು ತೀರಿಕೊಂಡರು. ವಯಸ್ಸು 43.

ಮುಂದಿನದು ಬೇಗ ಹೇಳಿ ಮುಗಿಸಬಹುದು. ವೆಂಟ್ರಿಸ್ ಕೋಬರ್ ಕೋಷ್ಟಕದ ವಿಧಾನವನ್ನೇ ಹಿಡಿದು, ಪೈಲೊಸ್ ಪಾಠಗಳನ್ನೂ ಸೇರಿಸಿ ಅದನ್ನು ಹಿಗ್ಗಿಸಿದರು. ಮೂರೇ ದನಿಗಳನ್ನು ಊಹಿಸಿಕೊಂಡರು: ಪದದ ಮೊದಲಲ್ಲಿ ಬರುವ 08 ‘ಅ’, ಸೈಪ್ರಸ್ ಲಿಪಿಯನ್ನು ಹೋಲುವ 06 ‘ನ’, 37 ‘ತಿ’. ಕೋಷ್ಟಕದಲ್ಲಿ ‘ನ’ ಸಾಲು, ‘ತಿ’ ಕಂಬ ಕೂಡುವ ಜಾಗದಲ್ಲಿದ್ದ 30 ತಾನಾಗಿ ‘ನಿ’ ಆಯಿತು. ತ್ರಿವಳಿಗಳಲ್ಲಿ ಇನ್ನೊಂದು 08-73-30-12. ಅ-?-ನಿ-?. ಕ್ನೊಸ್ಸೊಸ್ ಪಕ್ಕದ ರೇವು ಪಟ್ಟಣ ಅಮ್ನಿಸೊಸ್: ಅ-ಮಿ-ನಿ-ಸೊ. 12 ‘ಸೊ’ ಆದರೆ, ಅದೇ ಸಾಲಿನ 41 ‘ಸಿ’. ಅದೇ ಕಂಬದ 05 ‘ತೊ’. ಆಗ 70-52-12 ಎಂಬುದು ?-?-ಸೊ, ಕೊ-ನೊ-ಸೊ, ಕ್ನೊಸ್ಸೊಸ್. ಮೇಲಿನ ನಾಲ್ಕು ಸಾಲುಗಳು ಹೀಗೆ ಸರಸರನೆ ಬಿಚ್ಚಿಕೊಂಡವು: ರು-ಕಿ-ತೊ, ಪ-ಇ-ತೊ, ಕೊ-ನೊ-ಸೊ, ತು-ರಿ-ಸೊ. ಎಲ್ಲ ಕ್ರೀಟಿನ ಊರುಗಳು. ಲಿಪಿಗೆ ಒತ್ತಕ್ಷರ ಇಲ್ಲ, ಹಾಗಾಗಿ ‘ಕ್ನೊ’ ಬರೆಯಲು ‘ಕೊ-ನೊ’. ಕೊನೆಯ ಸಕಾರವನ್ನು ಬರೆಯುವುದೇ ಇಲ್ಲ. ಗ್ರೀಕ್ ಪದಗಳು ಸಕಾರದಲ್ಲಿ ಮುಗಿಯುವುದೇ ಹೆಚ್ಚು, ಈ ಬರಹದಲ್ಲಿ ಅದರ ಸುಳಿವೇ ಕಾಣುವುದಿಲ್ಲ ಎಂಬುದೇ ಇದು ಗ್ರೀಕ್ ಅಲ್ಲ ಎನ್ನಲು ದೊಡ್ಡ ಕಾರಣವಾಗಿತ್ತು. ಲಿಪಿಕಾರರು ಬರೆಯದೆ ಬಿಟ್ಟದ್ದನ್ನು ಭಾಷೆಯಲ್ಲೇ ಇಲ್ಲ ಎಂದು ಎಲ್ಲರೂ ತಿಳಿದಿದ್ದರು. 1952ರ ಜೂನ್ 1ರ ಟಿಪ್ಪಣಿಯಲ್ಲಿ ವೆಂಟ್ರಿಸ್ ಗ್ರೀಕ್ ಇರಬಹುದೇ ಎಂದು ಅಳುಕುತ್ತಲೇ ಕೇಳಿದರು, ಒಂದು ತಿಂಗಳಿಗೆ ಬಿಬಿಸಿ ರೇಡಿಯೊದಲ್ಲಿ ಹೌದು ಎಂದರು.

ಸಿಂಧೂ ಲಿಪಿಗೂ ಹೀಗೇ ಮಾಡಬಹುದಲ್ಲ ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದು ಸಹಜ. ಎಣಿಕೆಯ ಹಂತ ಆಗಿದೆ. ಐರಾವತಂ ಮಹದೇವನ್ 1977ರಲ್ಲಿ ಎಲ್ಲ ಪಾಠಗಳ ಪದಸೂಚಿ ತಂದರು. ಮುಂದಿನ ಹಂತಕ್ಕೆ ಸಾಮಗ್ರಿಯೇ ಸಾಲದು. ಒಂದು ಮುದ್ರೆಯಲ್ಲಿ ಸರಾಸರಿ ಐದು ಚಿಹ್ನೆ, ಪದ ಎಲ್ಲಿ ಮುಗಿಯಿತೆಂದು ತೋರುವ ಗೀಟಿಲ್ಲ, ಒಂದೇ ಒಕ್ಕಣೆಯ ಉದ್ದ ಪಟ್ಟಿಗಳಿಲ್ಲ. ಚಿಹ್ನೆಗಳು ಎಷ್ಟು ಎಂಬಲ್ಲೇ ಒಮ್ಮತವಿಲ್ಲ: ಮಹದೇವನ್ ಪಟ್ಟಿಯಲ್ಲಿ 417, ಫಿನ್ಲೆಂಡಿನ ವಿದ್ವಾಂಸ ಆಸ್ಕೊ ಪರ್ಪೋಲಾ ಪಟ್ಟಿಯಲ್ಲಿ 400ಕ್ಕಿಂತ ಕಡಿಮೆ, ಇನ್ನೊಬ್ಬರದು 600 ದಾಟುತ್ತದೆ. ಇಂಥ ಕಡೆ ಅದು ದ್ರಾವಿಡವೋ ಸಂಸ್ಕೃತವೋ ಎಂದು ವಾರಕ್ಕೊಬ್ಬರು ಓದಿಬಿಡುತ್ತಾರೆ. ಅಂಥ ಓದು ಕೈಗೆ ಬಂದರೆ ಮೊದಲು ಕೇಳಬೇಕಾದ್ದು ಇದು: ದನಿ ಹಚ್ಚುವ ಮುಂಚೆ ಯಾವ ಎರಡು ಚಿಹ್ನೆಗಳಿಗೆ ಏನು ಸಂಬಂಧ ಎಂದು ತೋರಿಸಿದ್ದಾರೆಯೇ?

ಕೋಬರ್ ಅವರ ಕಾಗದಪತ್ರ, ನೋಟ್‌ಬುಕ್ಕು, ಚೀಟಿಗಳೆಲ್ಲ ಈಗ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ, ಏಜಿಯನ್ ಲಿಪಿಗಳ ಅಧ್ಯಯನ ಕೇಂದ್ರದಲ್ಲಿವೆ. ಚೀಟಿಗಳು ಇನ್ನೂ ಅದೇ ಸಿಗರೇಟು ಪೆಟ್ಟಿಗೆಗಳಲ್ಲಿ ಸಾಲಾಗಿ ನಿಂತಿವೆ. ಮುಂದಿನ ಮುಖದಲ್ಲಿ ಮೂರು ಸಾವಿರ ವರ್ಷ ಹಳೆಯ ಅಕ್ಷರ, ತಿರುಗಿಸಿದರೆ ಯಾವುದೋ ಶುಭಾಶಯ ಪತ್ರದ ಅರ್ಧ ಸಾಲು.